ಗೋಡೆಗೆ ಎರಡು ಒದೆ

ಯಾರೇ ಸಿಗಲಿ, ಊರು ಯಾವುದು, ಮಕ್ಕಳೆಷ್ಟು, ಮೊಣಕಾಲು ನೋವು ಹೇಗಿದೆ ಎಂದು ಕೇಳದೆ ಬಿಡುವವಳಲ್ಲ ನಾನು. ‘ಅಮ್ಮಾ, ಪ್ಲೀಸ್, ಸ್ಟಾಪ್ ಇಂಟರ್‌ವ್ಯೂಯಿಂಗ್ ಪೀಪಲ್’ ಎಂದು ಮಗಳು ಲಿಫ್ಟಿನಲ್ಲೇ ಗದರುತ್ತಾಳೆ. ಅಮೆರಿಕದ ಫೋರ್ಟ್ ಲೀಯಲ್ಲಿ ನಮ್ಮ ಮಹಡಿಯ ಅಷ್ಟೂ ಮನೆಗಳ ಕಥೆ ನನಗೆ ಬಾಯಿಪಾಠ. ಹಾಗಾಗಿ ಪಕ್ಕದ ಮನೆಯ ಐರಿಶ್ ಅಜ್ಜಿ ನನಗೊಂದು ಕೆಲಸ ವಹಿಸಿ, ‘ಆದರೆ ಒಂದು ಮಾತೂ ಆಡಬಾರದು’ ಎಂದಾಗ ಕಾಫಿ ಕುಡಿಯುತ್ತಿದ್ದ ನನ್ನ ಗಂಡನಿಗೆ ನೆತ್ತಿಗೇರಿ ಕೆಮ್ಮು ಬಂತು.

ಬೇಸಿಗೆ ರಜೆಯಲ್ಲಿ ನಾವು ಐರ್ಲೆಂಡಿಗೆ ಹೊರಟಿದ್ದೆವು. ಅಜ್ಜಿ ಹುಟ್ಟಿದ್ದು ಅಲ್ಲಿಯ ಸಾಲ್ಟ್‌ಹಿಲ್‌ನಲ್ಲಿ. ಗಾಲ್ವೇ ನಗರಕ್ಕೆ ಅಂಟಿಕೊಂಡೇ ಇರುವ ಕಡಲ ಊರು. ಚಿಕ್ಕ ವಯಸ್ಸಿನಲ್ಲೇ ನ್ಯೂಯಾರ್ಕಿಗೆ ಬಂದವಳು, ವೀಸಾ ಮುಗಿದರೂ ಉಳಿದುಬಿಟ್ಟಳು. ಮ್ಯಾನ್‌ಹಟನ್ನಿನಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತ ಎಷ್ಟೋ ವರ್ಷ ಪೇಪರ್ಸ್ ಇಲ್ಲದೆ ಕಳೆದಳು. ಆ ವರ್ಷಗಳಲ್ಲೇ ಊರಿನಲ್ಲಿ ತಾಯಿ ತೀರಿಕೊಂಡಳು. ಹೋದರೆ ವಾಪಸ್ ಬರುವಂತಿರಲಿಲ್ಲ. ಇವಳು ಹೋಗಲಿಲ್ಲ. ಅಂದಿನಿಂದ ಅಕ್ಕ ಮಾತು ಬಿಟ್ಟಳು. ಗ್ರೀನ್ ಕಾರ್ಡ್ ಬಂದ ಮೇಲೂ ಅಜ್ಜಿ ಆ ಕಡೆ ಮುಖ ಹಾಕಲಿಲ್ಲ. ಈಗ ಸೊಂಟದ ಮೂಳೆ ಮುರಿದು ವಾಕರ್ ಹಿಡಿದಿದ್ದಾಳೆ, ವಿಮಾನದ ಮಾತೇ ಇಲ್ಲ.

‘ನಮ್ಮಕ್ಕ ಬದುಕಿದ್ದಾಳೋ ಇಲ್ವೋ, ಅಷ್ಟು ನೋಡ್ಕೊಂಡು ಬಾ,’ ಅಂದಳು. ‘ಕಡಲ ಪಕ್ಕದ ಕಾಲುದಾರಿ ಮುಗಿಯೋ ಕಡೆ ಒಂದು ಗೋಡೆ ಇದೆ. ನಡೆದು ಬಂದವರೆಲ್ಲ ಅದಕ್ಕೊಂದು ಒದೆ ಕೊಟ್ಟೇ ಹಿಂದಕ್ಕೆ ತಿರುಗೋದು. ಅಕ್ಕ ಬೆಳಿಗ್ಗೆ ಚರ್ಚ್ ಮುಗಿಸಿ ಹತ್ತು ಗಂಟೆಗೆ ಅಲ್ಲಿರ್ತಿದ್ಲು. ಇದ್ರೆ ಈಗಲೂ ಬರ್ತಾಳೆ. ಎತ್ತರದ ಹೆಂಗಸು, ಎಡಗಾಲಲ್ಲಿ ಒದೀತಾಳೆ. ದೂರದಿಂದ ನೋಡು, ಅಷ್ಟೇ. ನನ್ನ ಹೆಸರು ಎತ್ತಬೇಡ.’

‘ಗೋಡೆಗೆ ಯಾಕೆ ಒದೀತಾರೆ?’ ಎಂದೆ. ‘ಯಾರಿಗ್ಗೊತ್ತು!’ ಎಂದಳು. ದೇವರಾಣೆಗೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ನನ್ನ ಗಂಡನಿಗೆ ಪ್ರವಾಸವೆಂದರೆ ಫೋನಿನಲ್ಲಿರುವ ಪಟ್ಟಿ. ಒಂದೊಂದಕ್ಕೂ ಟಿಕ್ ಹಾಕದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಗಾಲ್ವೇಗೆ ಇಳಿದ ದಿನವೇ ಹಸಿರು ಗುಮ್ಮಟದ ಕಲ್ಲಿನ ಕೆಥೀಡ್ರಲ್, ಹೊಳೆ ದಂಡೆಯ ಹಳೆಯ ಕಮಾನು ಎಲ್ಲಕ್ಕೂ ಟಿಕ್ ಬಿತ್ತು. ನನ್ನ ಕಣ್ಣು ಬೇರೆ ಕಡೆಗಿತ್ತು. ಹೊಳೆ ಕಡಲಿಗೆ ಸೇರುವಲ್ಲಿ ಹಂಸಗಳ ಹಿಂಡೇ ಇತ್ತು. ಕಥೆಗಳಲ್ಲಿ ಹಾಲು ನೀರು ಬೇರೆ ಮಾಡುವ ಹಂಸ ಇಲ್ಲಿ ಒಣ ಬ್ರೆಡ್ಡಿಗೆ ಕಿತ್ತಾಡುತ್ತಿತ್ತು. ಕಾಲು ಗಂಟೆಯಲ್ಲಿ ಬಿಸಿಲು, ಮಳೆ, ಮತ್ತೆ ಬಿಸಿಲು. ಆದರೂ ಒಬ್ಬರ ಕೈಯಲ್ಲೂ ಕೊಡೆ ಇಲ್ಲ. ಯಾಕೆಂದು ಅಂಗಡಿಯವಳನ್ನು ಕೇಳಿದೆ. ‘ನಿನ್ನ ಕೊಡೆ ತೆಗೆದು ನೋಡು’ ಅಂದಳು. ತೆಗೆದೆ. ಗಾಳಿಗೆ ಅದರ ಕಡ್ಡಿಗಳೆಲ್ಲ ಮುರಿದವು. ಮಗಳು ನಕ್ಕು ನಕ್ಕು ಸುಸ್ತಾದಳು.

ಮರುದಿನ ಬೆಳಿಗ್ಗೆ ಸಾಲ್ಟ್‌ಹಿಲ್. ಎಡಕ್ಕೆ ಕಡಲು, ಅದರಾಚೆ ನೀಲಿ ಗುಡ್ಡಗಳು, ಕಾಲುದಾರಿಯ ಕೊನೆಯಲ್ಲಿ ನೀರಿಗೆ ಧುಮುಕಲು ಕಟ್ಟಿದ ಹಳದಿ ಗೋಪುರ. ಅಷ್ಟು ಚಳಿಯಲ್ಲೂ ಅಜ್ಜಂದಿರು ಅಲ್ಲಿಂದ ಹಾರುತ್ತಿದ್ದರು. ಪಕ್ಕದಲ್ಲೇ ಆ ಗೋಡೆ! ಓಡುವ ಹುಡುಗಿ ಬಂದು ಒದ್ದಳು, ಕೂಸಿನ ಗಾಡಿ ತಳ್ಳುತ್ತಿದ್ದ ಅಪ್ಪ ಒದ್ದ, ನಾಯಿ ಹಿಡಿದವರು ಒದ್ದರು. ಹನ್ನೊಂದರವರೆಗೆ ಕೂತೆವು. ಎಡಗಾಲಲ್ಲಿ ಒದೆಯುವ ಎತ್ತರದ ಹೆಂಗಸು ಬರಲೇ ಇಲ್ಲ. ವಾಪಸ್ ಹೋಗಿ ಆ ಅಜ್ಜಿಗೆ ಏನೆಂದು ಹೇಳುವುದು?

ಉಳಿದಿದ್ದು ಒಂದೇ ಬೆಳಗು. ಅವತ್ತು ಒಂಬತ್ತಕ್ಕೆ ಕಡಲಂಚಿನ ಕಡಿದಾದ ಬಂಡೆಗಳನ್ನು ತೋರಿಸುವ ಬಸ್ಸು ಬುಕ್ಕಾಗಿತ್ತು.

‘ನೀವಿಬ್ರೂ ಹೋಗಿ ಬನ್ನಿ, ನಾನು ಗೋಡೆ ಹತ್ರ ಇರ್ತೀನಿ,’ ಎಂದೆ.

‘ಇಷ್ಟು ದೂರ ಬಂದು ಗೋಡೆ ನೋಡ್ತೀಯಾ? ನಿನಗೆ ತಲೆ ಕೆಟ್ಟಿದೆ,’ ಎಂದು ರೇಗಿ, ಗಂಡ ಮಗಳನ್ನು ಕರೆದುಕೊಂಡು ಹೊರಟ. ಪಾಪ, ಅವರಿಗೆ ಅಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲವಂತೆ.

ಹತ್ತೂ ಕಾಲಿಗೆ ಆಕೆ ಬಂದರು. ಎತ್ತರ, ಬೆನ್ನು ಸ್ವಲ್ಪ ಬಾಗಿತ್ತು, ಅಜ್ಜಿಯದೇ ಮೂಗು. ಎಡಗಾಲೆತ್ತಿ ಒಂದು ಒದೆ ಕೊಟ್ಟರು. ಅಯ್ಯೋ ದೇವರೇ, ಬದುಕಿದ್ದಾರೆ! ಕುಣಿಯುವಷ್ಟು ಖುಷಿಯಾಯಿತು. ಕೆಲಸ ಮುಗಿಯಿತು, ಎದ್ದು ಹೋಗಬೇಕಿತ್ತು. ಆಗ ಆಕೆ ಇನ್ನೊಂದು ಸಲ ಒದ್ದರು. ಹೀಗೆ ಎರಡೆರಡು ಸಲ ಒದ್ದವರನ್ನು ಈ ಎರಡು ದಿನದಲ್ಲಿ ನಾನು ಕಂಡಿರಲಿಲ್ಲ.

ಎರಡು ಯಾಕೆ? ನಾಲಿಗೆ ಕಚ್ಚಿಕೊಂಡೆ. ಸುಮ್ಮನಿರಲು ಏನಾದರೂ ಮಾಡಬೇಕಲ್ಲ ಎಂದು ನಾನೂ ಹೋಗಿ ಗೋಡೆಗೆ ಒದ್ದೆ. ಒದ್ದವಳೇ, ಅಭ್ಯಾಸಬಲ ನೋಡಿ, ಕಾಲು ತಾಗಿತೆಂದು ಗೋಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

‘ಇದೇನಿದು?’ ಎಂದು ಆಕೆ ಜೋರಾಗಿ ನಕ್ಕರು.

‘ಕಾಲು ತಾಗಿದ್ರೆ ಕ್ಷಮೆ ಕೇಳೋದು ನಮ್ಮ ಪದ್ಧತಿ.’

‘ಒದೆಯೋದೂ ನೀನೇ, ಕ್ಷಮೆ ಕೇಳೋದೂ ನೀನೇ!’

ಇನ್ನೆಲ್ಲಿಯ ಆಣೆ! ‘ನೀವು ಎರಡು ಸಲ ಯಾಕೆ ಒದ್ರಿ?’ ಎಂದು ಕೇಳಿಯೇಬಿಟ್ಟೆ.

‘ಎರಡನೇದು ನನ್ನ ತಂಗೀದು. ಅಮೆರಿಕದಲ್ಲಿದ್ದಾಳೆ. ಚಿಕ್ಕವರಿದ್ದಾಗ ಇಬ್ಬರೂ ಬರ್ತಿದ್ವಿ.’ ಆಕೆಯ ನಗು ಹೋಯಿತು. ‘ಅಮ್ಮ ಸತ್ತಾಗಲೂ ಬರಲಿಲ್ಲ ಅವಳು. ರಜೆ ಸಿಗಲಿಲ್ಲವಂತೆ.’

ಅಜ್ಜಿ ಅಕ್ಕನಿಗೆ ನಿಜ ಹೇಳೇ ಇರಲಿಲ್ಲ! ಮತ್ತು ಆ ರಜೆಯ ಸುಳ್ಳು ನನಗೆ ಚೆನ್ನಾಗಿ ಗೊತ್ತಿತ್ತು. ಮೈಸೂರಿನಲ್ಲಿ ಅಪ್ಪ ತೀರಿಕೊಂಡಾಗ ನಾನೂ ನಮ್ಮಣ್ಣನಿಗೆ ಅದನ್ನೇ ಹೇಳಿದ್ದೆ. ಅದೇ ವಾರ ನನ್ನ ಕೆಲಸ ಹೋಗಿತ್ತು. ಮನೆಯವರೆಲ್ಲರ ವೀಸಾ ಇದ್ದಿದ್ದು ಆ ಕೆಲಸದ ಮೇಲೆ. ಎರಡು ತಿಂಗಳಲ್ಲಿ ಬೇರೆಯದು ಹುಡುಕಬೇಕು, ದೇಶ ಬಿಟ್ಟು ಹೊರಟರೆ ಒಳಗೆ ಬರುವುದು ಕಷ್ಟ. ತಂಗಿ ಅಮೆರಿಕದಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಅಣ್ಣನಿಗೆ ಹೇಳಲು ನನಗೆ ನಾಚಿಕೆಯಾಗಿತ್ತು. ಅವನು ಒಬ್ಬನೇ ಎಲ್ಲ ಕರ್ಮ ಮುಗಿಸಿದ. ಆಮೇಲೆ ಅವನ ಫೋನು ಹಬ್ಬಕ್ಕೊಂದು, ಎರಡು ನಿಮಿಷಕ್ಕೆ ಮುಗಿಯುತ್ತಿತ್ತು.

‘ರಜೆಯಲ್ಲ,’ ಎಂದೆ. ‘ನಿಮ್ಮ ತಂಗಿ ಹತ್ರ ಆಗ ಪೇಪರ್ಸ್ ಇರ್ಲಿಲ್ಲ. ಬಂದಿದ್ರೆ ವಾಪಸ್ ಹೋಗೋ ಹಾಗಿರ್ಲಿಲ್ಲ. ನನಗೂ ಹಾಗೇ ಆಗಿತ್ತು.’ ಪಕ್ಕದ ಮನೆ, ವಾಕರ್, ನನ್ನ ಅಪ್ಪ, ನನ್ನ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ಗೋಡೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಚೀಲದಿಂದ ಫೋನ್ ತೆಗೆದು, ‘ಅವಳ ನಂಬರ್ ಕೊಡು’ ಅಂದರು.

ಫೋರ್ಟ್ ಲೀಗೆ ಬಂದ ಮರುದಿನ ಬೆಳಿಗ್ಗೆ, ಬೈಸಿಕೊಳ್ಳಲು ತಯಾರಾಗಿಯೇ ಅಜ್ಜಿಯ ಬಾಗಿಲು ತಟ್ಟಿದೆ. ಬಾಗಿಲು ತೆರೆದವಳ ಕಣ್ಣು ಊದಿಕೊಂಡಿತ್ತು.

‘ಮಾತಾಡಬೇಡ ಅಂದಿದ್ದೆ.’

‘ಹೌದು. ತಪ್ಪಾಯ್ತು.’

‘ಮೂರು ದಿನದಿಂದ ದಿನಾ ಫೋನ್ ಮಾಡ್ತಿದ್ದಾಳೆ. ಮೊದಲು ಅತ್ಲು, ಆಮೇಲೆ ಬೈದ್ಲು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ.’ ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಏನನ್ನೂ ಕೇಳದವಳು, ‘ನಿನ್ನ ಕಥೆನೂ ಅಕ್ಕ ಹೇಳಿದ್ಲು. ನಿಮ್ಮಣ್ಣನಿಗೆ ಗೊತ್ತಾ?’ ಎಂದು ಕೇಳಿದಳು.

ಊರವರನ್ನೆಲ್ಲ ಪ್ರಶ್ನೆ ಕೇಳುವ ನಾನು ‘ಇಲ್ಲ’ ಎಂದಷ್ಟೇ ಹೇಳಿದೆ. ಮನೆಗೆ ಬಂದೆ. ಮೈಸೂರಿನಲ್ಲಿ ಆಗ ಸಂಜೆ. ಫೋನ್ ಮಾಡಿದೆ.

‘ಏನು, ಇವತ್ಯಾವ ಹಬ್ಬ?’ ಎಂದ ಅಣ್ಣ.

‘ಅಣ್ಣಾ, ಅಪ್ಪ ಹೋದಾಗ ರಜೆ ಸಿಗ್ಲಿಲ್ಲ ಅಂದಿದ್ನಲ್ಲ, ಅದು ಸುಳ್ಳು ಕಣೋ. ಆಗ ನನಗೆ ಕೆಲಸಾನೇ ಇರ್ಲಿಲ್ಲ. ಹೊರಟ್ರೆ ವಾಪಸ್ ಬರೋಕೆ ಆಗ್ತಿರ್ಲಿಲ್ಲ.’

ಅವನು ಕೂಗಾಡುತ್ತಾನೆಂದು ಕಾದೆ.

‘ಮತ್ತೆ,’ ಎಂದ ಅಣ್ಣ, ‘ಆವಾಗ ಊಟಕ್ಕೆಲ್ಲ ಏನ್ ಮಾಡ್ಕೊಂಡ್ರಿ?’