ಮೂಗು ಒರೆಸಿದ ಮಾಮಾ

ಮೊನ್ನೆ ಬೆಳಿಗ್ಗೆ ಸ್ವೆಟರ್ ಹುಡುಕಲೆಂದು ಟ್ರಂಕು ತೆಗೆದೆ. ಕೈಗೆ ಬಂದದ್ದು ಕಂಬಳಿ. ವರ್ಷವರ್ಷವೂ ಡಾಂಬರು ಗುಳಿಗೆ ಹಾಕಿಟ್ಟರೂ ಅದರ ಕುರಿಯ ವಾಸನೆ ಬಿಟ್ಟಿಲ್ಲ. ಮುಖದ ಹತ್ತಿರ ತಂದದ್ದೇ ತಡ, ಒಂದರ ಹಿಂದೊಂದು ಸೀನು. ಮೂಗು ಸೋರತೊಡಗಿತು. ಸೀನಿದರೆ ‘ಎಕ್ಸ್‌ಕ್ಯೂಸ್ ಮಿ’ ಅನ್ನಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರಲ್ಲ, ಕೋಣೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಕಂಬಳಿಗೇ ಎಕ್ಸ್‌ಕ್ಯೂಸ್ ಮಿ ಅಂದೆ.

ಮನುಷ್ಯ ಯಾವಾಗ ಮನುಷ್ಯನಾದ ಎಂಬುದರ ಮೇಲೆ ದೊಡ್ಡವರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಆ ಪ್ರಶ್ನೆಗೂ ಸೋರುವ ಮೂಗಿಗೂ ಸಂಬಂಧವಿದೆ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ.

ಐವತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಸಿಟ್ಟು ಬಂದಾಗ ನನಗೆ ಮೂರೂ ಒಟ್ಟಿಗೆ ಬರುತ್ತಿದ್ದವು. ಯಾರೋ ಸಾಹೇಬರು ಊರು ಬಿಡುವಾಗ ನಮ್ಮ ಕಾನ್ವೆಂಟಿಗೆ ಪೆಟ್ಟಿಗೆಗಟ್ಟಲೆ ಪುಸ್ತಕ ಕೊಟ್ಟು ಹೋಗಿದ್ದರು. ಅದರಲ್ಲೊಂದು, ಮನುಷ್ಯನ ರೀತಿನೀತಿಗಳು ಹೇಗೆ ಹುಟ್ಟಿದವು ಎನ್ನುವುದರ ಬಗ್ಗೆ. ಮೊದಲ ಚಾಪ್ಟರಿನಲ್ಲಿ ಕಲ್ಲು ಹಿಡಿದ ಮನುಷ್ಯ. ಎರಡನೆಯದರಲ್ಲಿ ಬೆಂಕಿ. ಆಮೇಲೆ ಒಂದು ಏಣಿ: ಕೆಳಗಿನ ಮೆಟ್ಟಿಲಲ್ಲಿ ಕಾಡುಜನ, ನಡುವೆ ದನಕುರಿ ಕಾಯುವವರು, ತುದಿಯಲ್ಲಿ ಹೇಗೋ ಏನೋ ಪುಸ್ತಕ ಬರೆದ ಸಾಹೇಬನ ಕಡೆಯವರೇ ನಿಂತಿದ್ದರು. ಮದುವೆಯ ಚಾಪ್ಟರನ್ನು ಮಾತ್ರ ಸಿಸ್ಟರ್ ಗುಂಡುಪಿನ್ನು ಚುಚ್ಚಿ ಮುಚ್ಚಿದ್ದರು. ಪಿನ್ನು ಇರದಿದ್ದರೆ ನಾನು ಅದನ್ನು ಓದುತ್ತಲೂ ಇರಲಿಲ್ಲವೇನೋ.

ಪಿನ್ನಿನ ಒಳಗಿದ್ದದ್ದು ಇಷ್ಟು. ತೀರ ಹತ್ತಿರದವರನ್ನು ಮದುವೆಯಾಗಬಾರದು ಎಂಬ ಕಾಯಿದೆ ಹುಟ್ಟಿದಂದೇ ಮನುಷ್ಯನ ಸಂಸ್ಕೃತಿಯೂ ಹುಟ್ಟಿತು ಎಂದು ಕೆಲವರ ವಾದ. ಕಾಯಿದೆ ಹುಟ್ಟಿದ್ದು ಯಾಕೆ ಎನ್ನುವಲ್ಲಿ ಅವರವರಲ್ಲೇ ಜಗಳ. ಒಂದು ಪಕ್ಷದವರ ಪ್ರಕಾರ, ಮಗಳನ್ನು ಬೇರೆ ಮನೆಗೆ ಕೊಟ್ಟರೆ ಆ ಮನೆ ನಂಟರ ಮನೆಯಾಗುತ್ತದೆ, ಕೊಟ್ಟವರು ಮುಂದೆಂದೋ ಅಲ್ಲಿಂದ ತರಲೂಬಹುದು. ಹೀಗೆ ಕೊಟ್ಟು ತಂದೇ ಸಮಾಜ ಕಟ್ಟಿಕೊಂಡಿತು. ಇನ್ನೊಂದು ಪಕ್ಷದವರ ಪ್ರಕಾರ, ಚಿಕ್ಕಂದಿನಿಂದ ಒಂದೇ ಅಂಗಳದಲ್ಲಿ ಬೆಳೆದವರಿಗೆ ಗಂಡಹೆಂಡಿರಾಗುವ ಮನಸ್ಸೇ ಬರುವುದಿಲ್ಲ. ಕಾಯಿದೆ ಹಿಂದಿನಿಂದ ಬಂತು. ಪುಟದ ತುಂಬ ಚಿತ್ರಗಳು, ಗಂಡಸಿಗೆ ತ್ರಿಕೋನ, ಹೆಂಗಸಿಗೆ ದುಂಡು. ಕೊನೆಗೆ ಫುಟ್‌ನೋಟಿನಲ್ಲಿ, ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ ದಖ್ಖನಿನ ಕೆಲವರಲ್ಲಿ ಇನ್ನೂ ಉಳಿದಿದೆ ಎಂಬ ಅರ್ಥದ ಮಾತು. ನಾವು ಇನ್ನೂ ಉಳಿದಿದ್ದೇವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಏಕೆಂದರೆ ಆ ಚಿತ್ರದ ಕೆಳಗಿನ ದುಂಡು ನಾನೇ. ಅಕ್ಕಲಕೋಟದಲ್ಲಿದ್ದ ಅವ್ವನ ತಮ್ಮ, ನನ್ನ ಮಾಮಾ, ನನ್ನ ಗಂಡನಾಗುವವನು ಎಂದು ತೊಟ್ಟಿಲಲ್ಲೇ ನಿಕ್ಕಿಯಾಗಿತ್ತು.

ಮಾಮಾನದು ಉಣ್ಣೆ, ಕಂಬಳಿಯ ವ್ಯಾಪಾರ. ಬೀರೋಬಾ ದೇವರ ಭಕ್ತರಾದ ಸುತ್ತಲಿನ ಕುರಿಗಾರರು ಅವನ ಅಂಗಡಿಗೆ ಉಣ್ಣೆ ತರುತ್ತಿದ್ದರು. ಮೈಂದರ್ಗಿಯ ಕಡೆಗೆ ಅವನೇ ಹೋಗಿ ಕೊಂಡು ಬರುತ್ತಿದ್ದ. ಅವನು ಹಿಂದಿನಿಂದ ಬಂದರೂ ಉಣ್ಣೆಯ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ನಾನು ಹುಟ್ಟಿದ ಮೇಲೆ ಅವ್ವ ಬಹಳ ಕಾಲ ಹಾಸಿಗೆ ಹಿಡಿದದ್ದರಿಂದ ಶಾಲೆಗೆ ಹೋಗುವ ವಯಸ್ಸಿನವರೆಗೂ ನಾನು ಅಕ್ಕಲಕೋಟದಲ್ಲೇ ಬೆಳೆದೆ. ಮಾಮಾ ಆಗ ಮೀಸೆ ಮೂಡುತ್ತಿದ್ದ ಹುಡುಗ. ಹೆಗಲ ಮೇಲೆ ಕೂಡಿಸಿಕೊಂಡು ಊರೆಲ್ಲ ತಿರುಗುತ್ತಿದ್ದ. ನನಗೋ ಸದಾ ನೆಗಡಿ. ಧೋತರದ ಚುಂಗಿನಿಂದ ಮೂಗು ಹಿಡಿದು, “ಜೋರ ಊದ, ಪೋರಿ,” ಎನ್ನುತ್ತಿದ್ದ. ನಾನು ಊದುತ್ತಿದ್ದೆ. ಹ್ಯಾಂಕಿ ಎಂಬ ವಸ್ತುವನ್ನು ನಾನು ಕಂಡದ್ದು ಕಾನ್ವೆಂಟಿನಲ್ಲಿ.

ಮೆಟ್ರಿಕ್ ಮುಗಿದ ಬೇಸಿಗೆಯಲ್ಲಿ ಆಯಿ, ಎಂದರೆ ಅವ್ವನ ತಾಯಿ, ಹೇಳಿಕಳಿಸಿದಳು: ಮಳೆಗಾಲಕ್ಕೆ ಮೊದಲು ಲಗ್ನ ಆಗಬೇಕು. ನನಗೆ ಮುಂದೆ ಓದಬೇಕಿತ್ತು, ಅದು ನಿಜ. ಆದರೆ ಮಾಮಾ ಓದಿಸುತ್ತೇನೆ ಎಂದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಪುಸ್ತಕ ವಾಪಸು ಕೊಡುವಾಗ (ಪಿನ್ನನ್ನು ಅದೇ ತೂತಿನಲ್ಲಿ ಚುಚ್ಚಿದ್ದೆ) ಸಿಸ್ಟರಿಗೆ ವಿಷಯ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟು, ಪೂರ್ ಚೈಲ್ಡ್, ಎಂಥ ಬಾರ್ಬರಸ್ ಪದ್ಧತಿ ಎಂದರು. ನನಗೆ ಕೆಂಡದಂಥ ಕೋಪ ಬಂತು. ನಮ್ಮ ಆಯಿಯೂ ತನ್ನ ಮಾಮಾನನ್ನೇ ಮದುವೆಯಾದವಳು, ಸಿಸ್ಟರ್. ಅವರಷ್ಟು ಪ್ರೀತಿಯ ಗಂಡಹೆಂಡಿರನ್ನು ನಾನು ನೋಡಿಲ್ಲ ಎಂದೆ. ನನಗೆ ಮಾಮಾ ಗಂಡನಾಗುವುದು ಬೇಡವಾಗಿತ್ತು. ಹಾಗೆಂದು ನಮ್ಮ ಮನೆಯನ್ನು ಯಾರೋ ಏಣಿಯ ಕೆಳಮೆಟ್ಟಿಲಿಗೆ ಇಳಿಸುವುದೂ ಬೇಡವಾಗಿತ್ತು. ಸ್ಟಬರ್ನ್ ಗರ್ಲ್ ಎಂದು ಸಿಸ್ಟರ್ ನಿಟ್ಟುಸಿರು ಬಿಟ್ಟರು. ಅಷ್ಟು ಸರಿಯಾದ ಸರ್ಟಿಫಿಕೇಟನ್ನು ಆ ಶಾಲೆ ನನಗೆ ಮತ್ತೆ ಕೊಡಲಿಲ್ಲ.

ಅವ್ವನ ಜೊತೆ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದೆ. ಆಯಿ ಒಲೆಯ ಮುಂದೆ ಭಕ್ರಿ ಬಡಿಯುತ್ತಿದ್ದಳು. ನಾನು ಮುಂದೆ ಕೂತು, ಚೆಲ್ಲಿದ ಜೋಳದ ಹಿಟ್ಟಿನಲ್ಲಿ ಬೆರಳಾಡಿಸಿ ಪುಸ್ತಕದ ಚಿತ್ರ ಬರೆದೆ. ಇದು ಅಜ್ಜ, ಇದು ನೀನು, ಇದು ಅವ್ವ, ಇದು ಮಾಮಾ, ಇದು ನಾನು ಎಂದು ಪಾಠ ಹೇಳಿದೆ.

“ಗಂಡಸರಿಗೆಲ್ಲಾ ಗುಡಿ ಶಿಖರ ಇಟ್ಟೀದಿ. ನಾ ಏನ ಸೊನ್ನಿ ಏನ?” ಎಂದಳು ಆಯಿ.

ಪುಸ್ತಕದವರು ಹಾಗೆ ಬರೆಯುತ್ತಾರೆ ಎಂದೆ. ಅವಳು ರೊಟ್ಟಿಗೆ ನೀರು ಸವರುತ್ತ ತನ್ನ ವಾದ ಹೇಳಿದಳು. ಅದು ಆ ಮೊದಲ ಪಕ್ಷದವರ ಥಿಯರಿಯೇ. ಈ ಮನೆ ಸೊಲ್ಲಾಪುರಕ್ಕೆ ಒಬ್ಬ ಮಗಳನ್ನು ಕೊಟ್ಟಿದೆ, ಅವಳ ಮಗಳು ಈ ಮನೆಗೆ ತಿರುಗಿ ಬರಬೇಕು; ಇಲ್ಲದಿದ್ದರೆ ಎರಡು ಮನೆ ನಡುವಿನ ಹಾದಿಯಲ್ಲಿ ಹುಲ್ಲು ಬೆಳೆಯುತ್ತದೆ. “ನಾನೂ ನಮ್ಮ ಮಾಮಾಗ ಲಗ್ನ ಆದಾಕಿನ. ಏನ ಆಗೇದ ನನಗ?”

“ಸಣ್ಣಾಕಿದ್ದಾಗ ಅಜ್ಜ ನಿನ್ನ ಮೂಗ ಒರಸಿದ್ದನೇನ, ಆಯಿ?”

ಆಯಿಯ ಕೈ ನಿಂತಿತು. “ಇಲ್ಲವ್ವಾ. ಅವರು ಮೈಂದರ್ಗಿಯಾಗ ಬೆಳದವರು. ಅಂತರಪಟ ಸರಿಸಿದಾಗನ ಮಾರಿ ನೋಡಿದ್ದು.” ಆಮೇಲೆ ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆ ಸೀದ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿದಳು. ಗೆದ್ದೆ ಎಂದುಕೊಂಡೆ, ಗೆದ್ದಿರಲಿಲ್ಲ. ಮರುದಿನ ಅಪ್ಪ ನಿಶ್ಚಯದ ಬಟ್ಟೆ ತೆಗೆದುಕೊಂಡು ಬರುವವನಿದ್ದ.

ನಮ್ಮಲ್ಲಿ ಹುಡುಗಿ ಒಲ್ಲೆ ಎಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಕ್ಕು ಮಾಮಾನದು, ಬಿಟ್ಟರೆ ಅವನೇ ಬಿಡಬೇಕು. ಬಿಟ್ಟವನಿಗೆ ಹುಡುಗಿಯ ತಂದೆ ಹಿರಿಯರೆದುರು ಧೋತರ, ತಲೆಗೆ ಸುತ್ತುವ ಪಟಕಾ ಕೊಟ್ಟು ಆಹೇರ ಮಾಡುತ್ತಾನೆ; ಅದನ್ನು ಉಟ್ಟ ಮೇಲೆ ಅವಳು ಅವನಿಗೆ ಮಗಳ ಸಮಾನ. ಆದರೆ ಹಾಗೆ ಬಿಟ್ಟವನಲ್ಲೇ ಏನೋ ಊನವಿರಬೇಕೆಂದು ಊರು ಆಡಿಕೊಳ್ಳುತ್ತಿತ್ತು. ಇದೆಲ್ಲ ಗೊತ್ತಿದ್ದೂ ಸಂಜೆ ಅಂಗಡಿಗೆ ಹೋದೆ.

ಮಾಮಾ ಉಣ್ಣೆ ಬಿಡಿಸುತ್ತ ಕೂತಿದ್ದ. ನಾನು ನಿಂತುಕೊಂಡೇ, ಎಲೊಕ್ಯೂಶನ್ ಸ್ಪರ್ಧೆಯಲ್ಲಿ ನಿಂತ ಹಾಗೆ, ಕಲ್ಲು, ಬೆಂಕಿ, ಏಣಿಯಿಂದ ಶುರುಮಾಡಿದೆ. ಅವನು ಬಹಳ ಹೊತ್ತು ಕೇಳಿ, ನಿನ್ನ ಪುಸ್ತಕದಲ್ಲಿ ಕುರಿಯ ವಿಷಯ ಏನಾದರೂ ಇದೆಯೇ ಎಂದು ಕೇಳಿದ. ನಡುವಿನ ಮೆಟ್ಟಿಲಲ್ಲಿ ಇವೆ ಎಂದೆ. ಪಾಪ, ಹತ್ತಲು ಕಷ್ಟವಾಗುತ್ತದೆ ಎಂದ. ಆಮೇಲೆ ಕೈಯಲ್ಲಿದ್ದ ಉಣ್ಣೆ ಕೆಳಗಿಟ್ಟ.

“ಲಗ್ನ ಬ್ಯಾಡ ಅಂತೀಯೋ, ನಾ ಬ್ಯಾಡ ಅಂತೀಯೋ?”

“ನೀ ಅಂದ್ರ ಜೀವ, ಮಾಮಾ. ಗಂಡ ಅಂತ ಒಲ್ಲೆ.”

“ಯಾಕ?”

“ನನ್ನ ಮೂಗ ಒರಸೀದಿ ನೀ.”

ಅವನು ನಗಲಿಲ್ಲ. ಎಲ್ಲದಕ್ಕೂ ನಗುವ ಮನುಷ್ಯ, ಆವತ್ತು ನಗಲಿಲ್ಲ. ಹೊರಗೆ ಯಾರೋ ಕುರಿಗಾರ ಬಂದು ಕರೆದ, ಎದ್ದು ಹೋಗುತ್ತ ಇಷ್ಟು ಹೇಳಿದ: “ನಾಳಿ ನೀ ಬಾಯಿ ತಗೀಬ್ಯಾಡ. ನೀ ಅಂದ್ರ ಹಟ ಅಂತಾರ. ಅದನ್ನ ನಾ ಅಂದ್ರ ಮಾತು ಅಂತಾರ.”

ಮರುದಿನ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ಅಪ್ಪ ಗಂಟು ಬಿಚ್ಚುವ ಮೊದಲೇ ಮಾಮಾ, “ಭಾವಾರ, ನಾ ಹಕ್ಕ ಬಿಟ್ಟೀನಿ. ಆಹೇರ ಮಾಡ್ರಿ,” ಎಂದ. ಹುಡುಗಿಯಲ್ಲಿ ಏನು ಕೊರತೆ ಎಂದು ಒಬ್ಬರು ಕೇಳಿದರು. ಕೊರತೆ ಏನೂ ಇಲ್ಲ ಎಂದ. ಹಾಗಾದರೆ ನಿನ್ನಲ್ಲೇ ಏನಾದರೂ ಇದೆಯೇ ಎಂದು ಇನ್ನೊಬ್ಬರು ಮೀಸೆಯಲ್ಲೇ ನಕ್ಕರು. ಅವನು ಅಪ್ಪನ ಮುಂದೆ ಕೈಯೊಡ್ಡಿದ. ಮದುಮಗನಿಗೆಂದು ತಂದ ಧೋತರವೇ ಆಹೇರದ ಧೋತರವಾಯಿತು. ಒಳಗೆ ಹೋಗಿ ಉಟ್ಟು ಬಂದ. ನಾನು ಬಾಗಿಲಿಗೆ ಆತು ನಿಂತು ಅಳುತ್ತಿದ್ದೆ. ಗೆದ್ದವಳು ಯಾಕೆ ಅಳಬೇಕು, ನನಗೆ ಗೊತ್ತಿಲ್ಲ. ಅವನು ನೇರ ನನ್ನ ಹತ್ತಿರ ಬಂದ. ಗಂಜಿ ಹಾಕಿದ ಆ ಹೊಸ ಧೋತರದ ಚುಂಗು ಎತ್ತಿ, ಎಲ್ಲರೆದುರು ನನ್ನ ಮೂಗು ಹಿಡಿದ.

“ಜೋರ ಊದ, ಪೋರಿ.”

ಊದಿದೆ. ಮೆಟ್ರಿಕ್ ಆದ, ಸೀರೆ ಉಟ್ಟ ಹುಡುಗಿ, ಡಿಗ್ನಿಟಿ ಎಲ್ಲ ಬಿಟ್ಟು ಊದಿದೆ. ಪಡಸಾಲೆ ನಕ್ಕುಬಿಟ್ಟಿತು, ಅಪ್ಪನೂ ನಕ್ಕ. ಆ ನಗೆಯಾದ ಮೇಲೆ ನಮ್ಮಿಬ್ಬರ ಲಗ್ನದ ಮಾತು ಎತ್ತುವುದು ಯಾರಿಗೂ ಸಾಧ್ಯವಿರಲಿಲ್ಲ. ಆಯಿ ಮಾತ್ರ ನಗಲಿಲ್ಲ. ಹೊಸ ಧೋತರ ಹೊಲಸು ಮಾಡಿದಿರಿ ಎಂದು ಒಳಗೆ ಹೋದಳು. ಎರಡು ಮನೆಯ ನಡುವಿನ ಹಾದಿಯಲ್ಲಿ ಹುಲ್ಲು ಬೆಳೆಯಲಿಲ್ಲ. ಹಬ್ಬಹಬ್ಬಕ್ಕೂ ಬೈಯಲಿಕ್ಕಾದರೂ ಅವಳೇ ಬರುತ್ತಿದ್ದಳು.

ನಾನು ಪುಣೆಗೆ ಓದಲು ಹೊರಟಾಗ ಮಾಮಾ ಈ ಕಂಬಳಿ ಕೊಟ್ಟ. ಎಷ್ಟೋ ವರ್ಷ ಕಳೆದ ಮೇಲೆ ಅವನೂ ಮದುವೆಯಾದ. ನಾನು ಕಾಲೇಜಿನಲ್ಲಿ ಮಾನವಶಾಸ್ತ್ರದ ಪಾಠ ಹೇಳಿದೆ. ಒಟ್ಟಿಗೆ ಬೆಳೆದವರ ಥಿಯರಿ ಬಂದಾಗಲೆಲ್ಲ ಉದಾಹರಣೆಗೆ ನನ್ನ ಮೂಗನ್ನೇ ಮುಂದೆ ಮಾಡಿ ಕ್ಲಾಸನ್ನು ನಗಿಸಿದೆ. ನನ್ನ ಮಟ್ಟಿಗೆ ಆ ಥಿಯರಿ ಸತ್ಯ. ಮಾಮಾನ ಮಟ್ಟಿಗೆ ಸತ್ಯವಾಗಿತ್ತೇ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಶಾಲೆಗೆಂದು ನಾನು ಅವನ ಹೆಗಲಿಳಿದು ಹೋದ ಮೇಲೆ ಹತ್ತು ವರ್ಷ ಅವನು ನನ್ನನ್ನು ರಜೆಯಲ್ಲಷ್ಟೇ ಕಂಡವನು. ಆ ಸಂಜೆ ಅಂಗಡಿಯಲ್ಲಿ ಅವನು ಯಾಕೆ ನಗಲಿಲ್ಲ? ಈ ಪ್ರಶ್ನೆ ಮೊನ್ನೆ, ಕಂಬಳಿ ಮಡಿಲಲ್ಲಿಟ್ಟುಕೊಂಡು ಕೂತಾಗ, ಮೊದಲ ಸಲ ನನಗೆ ಬಂತು. ಕೇಳೋಣವೆಂದರೆ ಅವನು ಹೋಗಿ ಬಹಳ ವರ್ಷವಾಯಿತು.

ಕಲ್ಲು ಹಿಡಿದವನೂ ಇರಲಿ, ಬೆಂಕಿ ಹೊತ್ತಿಸಿದವನೂ ಇರಲಿ. ತನಗೆ ಹಕ್ಕಿದ್ದದ್ದನ್ನು, ಬಹುಶಃ ತನಗೆ ಬೇಕಾಗಿದ್ದದ್ದನ್ನು, ಇನ್ನೊಂದು ಜೀವ ಒಲ್ಲೆ ಎಂದಿತೆಂದು ಬಿಟ್ಟು, ಊರವರ ನಗೆಯನ್ನು ತನ್ನ ಮೈಮೇಲೆ ಹಾಕಿಕೊಂಡನಲ್ಲ, ನನ್ನ ಪುಸ್ತಕ ಇದ್ದಿದ್ದರೆ ಮನುಷ್ಯ ಎಂಬವನು ಅಲ್ಲಿಂದ ಶುರುವಾಗುತ್ತಿದ್ದ. ಆ ಚಾಪ್ಟರಿಗೆ ಪಿನ್ನು ಹಾಕುತ್ತಿರಲಿಲ್ಲ.

ಕಂಬಳಿಯನ್ನು ಮತ್ತೆ ಟ್ರಂಕಿಗೆ ಹಾಕಲಿಲ್ಲ. ಈಗ ಅದು ಹಾಸಿಗೆಯ ಮೇಲಿದೆ, ದಿನಾ ಸೀನುತ್ತೇನೆ. ಮೊನ್ನೆ ಆ ಹೊತ್ತಿಗೆ ಹ್ಯಾಂಕಿ ಸಿಗಲಿಲ್ಲ. ಸೆರಗಿನ ತುದಿ ಎತ್ತಿ, ಮೂಗು ಹಿಡಿದು, ಪಕ್ಕದ ಮನೆಗೆ ಕೇಳಿದರೂ ಕೇಳಲೆಂದು, ಜೋರಾಗಿ ಊದಿದೆ.