ಅಮ್ಮನ ಹೆಸರು ‘ಐ’

ಸಂಜೆ ಅವಳು ಬಾಗಿಲು ದೂಡಿದರೆ ಸಾಕು, ಮಗ ಓಡಿ ಬಂದು ಮೊಣಕಾಲು ತಬ್ಬಿಕೊಂಡು "ಐ ಕಮ್, ಐ ಕಮ್" ಎನ್ನುತ್ತಿದ್ದ. ಬಂದವಳು ಅವಳು. ಹೊಟ್ಟೆ ಹಸಿದರೆ ತನ್ನ ಹೊಟ್ಟೆಯನ್ನೇ ತಟ್ಟಿಕೊಂಡು "ಯು ಹಂಗ್ರಿ" ಎನ್ನುತ್ತಿದ್ದ. ಹಸಿದವನು ಅವನು. ಮೊದಮೊದಲು ಅವಳೂ ನಕ್ಕಿದ್ದಳು. ಈಗ ಆ ಮಾತು ಕಿವಿಗೆ ಬಿದ್ದರೆ ಹೆದರುತ್ತಿದ್ದಳು.

ಅತ್ತೆಗೆ ಅದೊಂದು ತಮಾಷೆ. "ಯು ಅಂದ್ರೆ ನಾನೇ ತಾನೆ? ನಂಗೆ ಹಸಿವಿಲ್ಲಪ್ಪ, ನಿಮ್ಮಮ್ಮನ್ನ ಕೇಳು" ಎಂದು ಮೊಮ್ಮಗನ ಕೆನ್ನೆ ಹಿಂಡುತ್ತಿದ್ದರು.

ಗಂಡ ಲಿಫ್ಟ್ ರಿಪೇರಿಯವನು. ಅವನಿಗೆ ಎಲ್ಲವೂ ವೈರಿನ ವಿಷಯ. "ಎರಡು ವೈರು ಅದಲು ಬದಲಾಗಿದೆ ಕಣೆ, ಅಷ್ಟೇ. ಮೇಲಿನ ಬಟನ್ ಒತ್ತಿದ್ರೆ ಕೆಳಗೆ ಹೋಗ್ತಿದೆ."

"ಮಗು ಲಿಫ್ಟ್ ಅಲ್ಲ ರೀ" ಎಂದಳು. ಆದರೆ ತಲೆಯೊಳಗೆ ವೈರು ಅದಲು ಬದಲಾಗುವುದೆಂದರೇನು ಎಂಬ ಯೋಚನೆ ಬಿಡಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹುಡುಕಿದಳು. ಅಲ್ಲಿ ಕಂಡ ಕಾಯಿಲೆಯ ಹೆಸರನ್ನು ಗಂಡನಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದೇ ನಿಜವಾಗಿಬಿಟ್ಟರೆ?

ಮುಂದಿನ ವಾರ ಮಗನನ್ನು ಶಾಲೆಗೆ ಸೇರಿಸಲು ಸಂದರ್ಶನಕ್ಕೆ ಕರೆದಿದ್ದರು. ಅಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲೇ. "ಮಗು ಜೊತೆ ಮನೇಲಿ ಇಂಗ್ಲಿಷ್ ಮಾತಾಡಿ" ಎಂದು ಹಿಂದೆಯೇ ಹೇಳಿ ಕಳಿಸಿದ್ದರು. ಅವಳು ಚಾಚೂ ತಪ್ಪದೆ ಪಾಲಿಸಿದ್ದಳು. ಉಣ್ಣಿಸುವಾಗ, ತೊಳೆಯುವಾಗ, ಮಲಗಿಸುವಾಗ, ಎಲ್ಲ ಇಂಗ್ಲಿಷಿನಲ್ಲೇ. ಇಷ್ಟು ಮಾಡಿಯೂ ಮಗು ತಾನು ಯಾರೆಂಬುದನ್ನೇ ತಿರುಗುಮುರುಗಾಗಿ ಹೇಳುತ್ತಿತ್ತು.

ಅವಳ ಕೆಲಸ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ. ತಿರುಗುವ ಕಲ್ಲಿಗೆ ಗಾಜಿನ ಅಂಚು ಕೊಟ್ಟು, ಫ್ರೇಮಿಗೆ ಕೂರುವಂತೆ ಸವೆಸಬೇಕು. ಮುಂದುಗಡೆ ಇಂಗ್ಲಿಷಿನ ಗಿರಾಕಿ ಬಂದರೆ ಅವಳು ಕಲ್ಲಿನ ಸದ್ದು ಜೋರು ಮಾಡಿಕೊಂಡು ಒಳಗೇ ಉಳಿಯುತ್ತಿದ್ದಳು. ಮಗನ ಮುಂದೆ ಅರಳು ಹುರಿದಂತೆ ಮಾತಾಡುವ ನಾಲಿಗೆ ದೊಡ್ಡವರ ಮುಂದೆ ಹೊರಳುತ್ತಲೇ ಇರಲಿಲ್ಲ. ಆ ದಿನ ಗಾಜು ಸವೆಸುತ್ತಿದ್ದಾಗ ಕೈ ತಪ್ಪಿ ಅಂಚು ಚಕ್ಕೆಯೆದ್ದಿತು.

"ಏನಮ್ಮಾ, ಯಾರ ಮೇಲಿನ ಸಿಟ್ಟು ಗಾಜಿನ ಮೇಲೆ?" ಎಂದರು ಅಂಗಡಿಯ ಯಜಮಾನರು. "ಮನೆಗೆ ಹೋಗು. ನಾಳೆ ಬಾ, ಇನ್ನೊಂದು ಗಾಜಾದ್ರೂ ಉಳಿಯುತ್ತೆ."

ಹೊತ್ತಿಗೆ ಮೊದಲೇ ಮನೆಗೆ ಬಂದಳು. ಮಗ ಅವಳನ್ನು ನೋಡಲಿಲ್ಲ. ಅಜ್ಜಿಯ ಎದುರು ಕೂತು ಬಟ್ಟೆಯ ಕ್ಲಿಪ್ಪುಗಳನ್ನು ಪಾಲು ಮಾಡುತ್ತಿದ್ದ. "ಇದು ನಂಗೆ. ಇದೂ ನಂಗೆ. ನಿಂಗೆ ಆ ಮುರಿದಿದ್ದು."

ಅವಳು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತಳು. ಒಂದೂ ತಪ್ಪಲಿಲ್ಲ. ನಂಗೆ, ನಿಂಗೆ, ನಮ್ಮಪ್ಪಂಗೆ, ಎಲ್ಲ ಸರಿ. ಕನ್ನಡದ ಮಾತು ಮನೆ ತುಂಬ ಇತ್ತು. ಅಜ್ಜಿ ಅಪ್ಪನಿಗೆ ಬೈದದ್ದು, ಅಪ್ಪ ಅಮ್ಮನನ್ನು ಕೆಣಕಿದ್ದು, ಎಲ್ಲ ಅವನ ಕಿವಿಗೆ ಬಿದ್ದಿತ್ತು. ಇಂಗ್ಲಿಷು ಮಾತ್ರ ಒಂದೇ ಬಾಯಿಂದ ಹೊರಟು ಒಂದೇ ಕಿವಿಗೆ ಸೇರುತ್ತಿತ್ತು. ಅದರಲ್ಲಿ ‘ಐ’ ಎನ್ನುವವಳು ಅಮ್ಮ ಒಬ್ಬಳೇ, ‘ಯು’ ಎನಿಸಿಕೊಳ್ಳುವವನು ತಾನೊಬ್ಬನೇ. ಮಗು ಇನ್ನೇನೆಂದು ತಿಳಿಯಬೇಕು?

ಹಾಗೆ ಅಂದುಕೊಂಡಳು. ನಂಬಲು ಧೈರ್ಯ ಸಾಲಲಿಲ್ಲ. ಜೊತೆಗೆ ಹೊಸ ಭಯವೊಂದು ಹುಟ್ಟಿತು. ಹಾಗಿದ್ದರೆ ಬೇರೆಯವರೂ ‘ಐ’ ಎನ್ನುವುದು ಅವನ ಕಿವಿಗೆ ಬೀಳುವಂತೆ, ಈಗ ಅವನೆದುರು ದೊಡ್ಡವರ ಜೊತೆ ಇಂಗ್ಲಿಷ್ ಆಡಬೇಕು. ತಪ್ಪಿದರೆ ಆ ತಪ್ಪನ್ನೂ ಅವನೇ ಕಲಿಯುತ್ತಾನೆ.

ಊಟಕ್ಕೆ ಎಲ್ಲರೂ ಕೂತರು. ಅವಳು ಗಂಡನ ಮುಖ ನೋಡದೆ, ನೀರಿನ ಜಗ್ಗನ್ನೇ ನೋಡುತ್ತ ಹೇಳಿದಳು, "ಐ ವಾಂಟ್ ವಾಟರ್. ಡೂ ಯು ವಾಂಟ್ ವಾಟರ್?"

ಗಂಡ ತುತ್ತು ಹಿಡಿದವನು ಹಾಗೇ ಉಳಿದ. "ಯಾಕೆ, ನಾನೇನು ಮಾಡ್ದೆ?"

"ಜಗಳಾನಾ?" ಎಂದು ಅತ್ತೆ ಕೇಳಿದರು. "ನಂಗೆ ಅರ್ಥ ಆಗೋ ಹಾಗೆ ಆಡಿ ಮತ್ತೆ."

"ಉತ್ತರ ಕೊಡ್ರೀ" ಎಂದಳು. ಅವಳ ದನಿ ಕೇಳಿ ಅವನ ನಗು ಅರ್ಧಕ್ಕೆ ನಿಂತಿತು.

"ಯೆಸ್" ಎಂದ. "ಐ... ಐ ವಾಂಟ್."

ಮಗನ ತಲೆ ಗಕ್ಕನೆ ಅಪ್ಪನ ಕಡೆ ತಿರುಗಿತು. "ನೋ. ಅಮ್ಮ ಐ."

ಅವಳಿಗೆ, ಇರುವುದನ್ನೂ ಕೆಡಿಸಿಬಿಟ್ಟೆನೇ ಎನ್ನಿಸಿತು. ಆದರೂ ಅತ್ತೆಯ ಕಡೆ ತಿರುಗಿ ಅದನ್ನೇ ಕೇಳಿದಳು. ಅತ್ತೆ ಒಂದು ಗಳಿಗೆ ಸೊಸೆಯ ಮುಖ ನೋಡಿದರು. ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತು, "ಐ ವಾಂಟು" ಎಂದರು.

ಈಗ ಮಗನ ಮುಖ ಕೆಂಪಾಯಿತು. ಅಮ್ಮನದಾಗಿದ್ದ ‘ಐ’ ಅಪ್ಪನಿಗೂ ಸಿಕ್ಕಿತು, ಅಜ್ಜಿಗೂ ಸಿಕ್ಕಿತು. ಎಲ್ಲರ ಲೋಟಕ್ಕೂ ನೀರು ಬಿತ್ತು, ತನ್ನದು ಮಾತ್ರ ಖಾಲಿ. ಅಳು ಒತ್ತರಿಸಿ ಬಂದು ಅವನು ಲೋಟವನ್ನು ಎದೆಗೆ ಅವುಚಿಕೊಂಡ.

"ಐ," ಎಂದ. "ಐ ವಾಂಟ್ ವಾಟರ್."

ಅವಳು ಜಗ್ಗನ್ನು ಎತ್ತಿಯೂ ಬಗ್ಗಿಸಲಿಲ್ಲ. ಈಗಷ್ಟೇ ಕೇಳಿದ್ದನ್ನು ಗಿಳಿಯಂತೆ ಒಪ್ಪಿಸಿದನೋ ಏನೋ, ಇನ್ನೊಂದು ಮಾತು ಬರಲಿ ಎಂದು ಕಾದಳು.

"ಯು ಗಿವ್" ಎಂದು ಮಗ ಗದರಿದ.

ಅವಳು ಸುಮ್ಮನೆ ನೋಡುತ್ತಲೇ ಇದ್ದಳು.

"ನಿಂಗೇ ಕಣೆ ಹೇಳ್ತಿರೋದು" ಎಂದ ಗಂಡ, ಮೆಲ್ಲಗೆ. "ನೀರು ಹಾಕು."