ಮನುಕುಲದ ಚರಿತ್ರೆಗೆ ಎಲ್ವಿ ಕೊಟ್ಟ ಮಾತು

ಮನುಷ್ಯ ಮರದಿಂದ ಇಳಿದ ದಿನದಿಂದ ಹಿಡಿದು ಮೊಬೈಲು ಕೈಗೆತ್ತಿಕೊಂಡ ದಿನದವರೆಗಿನ ಕಥೆಯನ್ನೆಲ್ಲ ಒಂದೇ ಸಂಪುಟದಲ್ಲಿ ಹೇಳಿ ಮುಗಿಸುವ ದಪ್ಪ ಪುಸ್ತಕಗಳಿವೆಯಲ್ಲ, ಅವುಗಳಲ್ಲಿ ಟಾಸ್ಮೇನಿಯಾದ ನಮ್ಮವರಿಗೆ ಸಿಗುವ ಜಾಗ ಅರ್ಧ ಪುಟ. ಆ ಅರ್ಧ ಪುಟದಲ್ಲಿ ನಾವು ಮಾಡುವ ಕೆಲಸವೂ ಒಂದೇ, ಸಾಯುವುದು. ಗೋಧಿ ಬೆಳೆದವರಿಗೆ ಒಂದು ಅಧ್ಯಾಯ, ಕುದುರೆ ಪಳಗಿಸಿದವರಿಗೆ ಇನ್ನೊಂದು, ಉಗಿಯಂತ್ರ ಕಂಡುಹಿಡಿದವರಿಗೆ ಕೇಳಿದಷ್ಟು. ನಾವು ಬರುತ್ತೇವೆ, ಬಿಳಿಯರ ಹಡಗು ನೋಡುತ್ತೇವೆ, ಕೊನೆಗೆ ಒಬ್ಬರೂ ಉಳಿಯದಂತೆ ಸಾಯುತ್ತೇವೆ. ಓದುಗ ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತಾನೆ.

ಇಂಥ ಒಂದು ಪುಸ್ತಕದೊಳಗೆ ಟಾಸ್ಮೇನಿಯಾದ ಪಕ್ಕದ ಕೇಪ್ ಬ್ಯಾರನ್ ದ್ವೀಪದ ಎಲ್ವಿಯ ಮಾತೊಂದು ಹೋಗಿ ಕೂತಿತ್ತು. ಹೋಗಿ ಕೂತಿದ್ದು ಎಲ್ವಿಗೇ ಗೊತ್ತಿರಲಿಲ್ಲ.

ಎಲ್ವಿ ಹುಟ್ಟಿದ್ದು, ಬೆಳೆದದ್ದು, ಗಂಡನನ್ನು ಕಡಲಿಗೆ ಕೊಟ್ಟು ಒಂಟಿಯಾಗಿ ಮಗಳನ್ನು ಸಾಕಿದ್ದು, ಎಲ್ಲವೂ ಆ ದ್ವೀಪದಲ್ಲೇ. ಓದಿದ್ದು ಕಡಿಮೆ, ಮಾತಾಡಿದ್ದು ಜಾಸ್ತಿ. ಚಳಿಗಾಲಕ್ಕೆ ಮುಂಚೆ ಹಕ್ಕಿ ಹಿಡಿಯುವ ಕಾಲ ಬಂತೆಂದರೆ ನಮ್ಮವರೆಲ್ಲ ದೋಣಿ ಹತ್ತಿ ಪಕ್ಕದ ಪುಟ್ಟ ದ್ವೀಪಕ್ಕೆ ಹೋಗಿ ತಗಡಿನ ಶೆಡ್ಡುಗಳಲ್ಲಿ ಬಿಡಾರ ಹೂಡುತ್ತಾರೆ. ಹುಲ್ಲಿನ ಬುಡದ ಬಿಲಗಳಲ್ಲಿ ಯೋಲಾ ಎಂಬ ಕಡಲಹಕ್ಕಿಯ ಮರಿಗಳು ಕೊಬ್ಬಿಕೊಂಡು ಕೂತಿರುತ್ತವೆ. ಭುಜದವರೆಗೂ ಕೈ ತೂರಿಸಿ ಎಳೆಯಬೇಕು. ಬಿಲ ಬೆಚ್ಚಗಿದ್ದರೆ ಹಕ್ಕಿ, ತಣ್ಣಗಿದ್ದರೆ ಹಾವು. ಎಲ್ವಿಯ ಕೈ ಆ ಲೆಕ್ಕದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಒಂದು ಸಲ ತಪ್ಪಿತು.

ಅದು ಅರವತ್ತರ ದಶಕ. ಎಲ್ವಿಗೆ ಆಗಿನ್ನೂ ಹರೆಯ, ಮಗಳು ನೋಲಾ ಸೊಂಟ ಬಿಟ್ಟು ಇಳಿಯದ ವಯಸ್ಸು. ಸರ್ಕಾರದ ಹೆಂಗಸೊಬ್ಬಳು ದೋಣಿಯಲ್ಲಿ ಬರುತ್ತಿದ್ದಳು. ಮೈಬಣ್ಣ ನೋಡುತ್ತಿದ್ದಳು, ಮನೆಯ ಸೂರು ನೋಡುತ್ತಿದ್ದಳು, ಡಬ್ಬಿಯಲ್ಲಿ ಹಿಟ್ಟು ಎಷ್ಟಿದೆ ನೋಡುತ್ತಿದ್ದಳು. ಆಮೇಲೆ ಮಕ್ಕಳನ್ನು ದೋಣಿ ಸವಾರಿಗೆಂದು ಕರೆದುಕೊಂಡು ಹೋಗುತ್ತಿದ್ದಳು. ಹಾಗೆ ಹೋದ ಮಕ್ಕಳು ದೊಡ್ಡ ಊರಿನ ಅನಾಥಾಲಯಗಳಲ್ಲಿ ಬೆಳೆದು, ಬೇರೆ ಹೆಸರು ಹೊತ್ತು, ಬೇರೆ ಯಾರದೋ ಮಕ್ಕಳಾಗುತ್ತಿದ್ದರು. ಎಲ್ವಿಯ ತಂಗಿ ಡಲ್ಸಿಯ ಇಬ್ಬರು ಮಕ್ಕಳೂ ಹಾಗೇ ಹೋದವು.

ಅದಕ್ಕೇ ನಮ್ಮ ದ್ವೀಪದಲ್ಲಿ ಮನೆಮನೆಗೂ ಒಂದೊಂದು ಸುಳ್ಳು ಸಿದ್ಧವಾಗಿರುತ್ತಿತ್ತು. ಕೆಲವರ ಅಜ್ಜ ಪೋರ್ಚುಗಲ್ಲಿನ ನಾವಿಕ. ಕೆಲವರ ಅಜ್ಜಿ ಸ್ಪೇನಿನವಳು. ಮಾತು ಕಲಿತ ಮಗುವಿಗೆ ಮೊದಲು ಹೇಳಿಕೊಡುತ್ತಿದ್ದುದೇ ಇದನ್ನು. ನೀವು ಕರಿಯರೇ, ಇಲ್ಲಿನ ಮೂಲದವರೇ ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನಬೇಕು, ಅವರೆಲ್ಲ ಯಾವತ್ತೋ ಸತ್ತರು ಅನ್ನಬೇಕು. ಹಾಗಂದು ಒಳಗೆ ಬಂದು, ಅವರೇ ಕಲಿಸಿದ ಹಾಗೆ ಹಕ್ಕಿಯ ಎಣ್ಣೆ ಹಿಂಡಬೇಕು.

ಆ ವರ್ಷ ಸರ್ಕಾರದ ಹೆಂಗಸು ಬಂದ ದೋಣಿಯಲ್ಲೇ ಇನ್ನೊಬ್ಬ ಯುವಕನೂ ಬಂದಿಳಿದ. ಕೊರಳಿಗೆ ಟೈ, ಕೈಯಲ್ಲಿ ಟೇಪ್ ರೆಕಾರ್ಡರ್. ವಿಶ್ವವಿದ್ಯಾಲಯದವನು, ಹಳೆಯ ಕಥೆ ಕೇಳಲು ಬಂದವನು. ಅದನ್ನು ಅವನು ಹೇಳಿಯೂ ಹೇಳಿದ. ಆದರೆ ಆ ದೋಣಿಯಲ್ಲಿ ಬಂದವನು ಸರ್ಕಾರದವನಲ್ಲದೆ ಬೇರೆ ಯಾರಾಗಿರಲು ಸಾಧ್ಯ ಎಂದುಕೊಂಡಳು ಎಲ್ವಿ. ನೋಲಾಳನ್ನು ಗರಿ ತುಂಬಿದ ಗೋಣಿಚೀಲಗಳ ಹಿಂದೆ ಕೂರಿಸಿ ಬಾಗಿಲಿಗೆ ಅಡ್ಡ ಬಂದು ನಿಂತಳು.

"ಇಲ್ಲಿನ ಮೂಲದ ಜನರ ಬಗ್ಗೆ ನಿಮ್ಮ ಹಿರಿಯರು ಏನಾದ್ರೂ ಹೇಳಿದ್ರಾ ಅಮ್ಮಾ?" ಎಂದು ಆತ ಕೇಳಿದ.

ಇಲ್ಲ ಎಂದು ಬಾಗಿಲು ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಇದು ಮಗಳ ಉಳಿವಿನ ಪ್ರಶ್ನೆ. ಒಣ ಸುಳ್ಳು ಸಾಲದು, ನಂಬುವ ಹಾಗಿರಬೇಕು. ಬಾಗಿಲ ಬಳಿ ಅವಳದೇ ನಾಯಿ ಮಲಗಿತ್ತು. ಅದನ್ನು ನೋಡುತ್ತಾ ಎಲ್ವಿ ಹೇಳಿದಳು: "ಎಲ್ಲಿಯ ಮೂಲದವರು ಸ್ವಾಮಿ? ನಮ್ಮಜ್ಜಿ ಹೇಳೋಳು, ಅವರಲ್ಲಿ ಕಡೇ ಹೆಂಗಸು ಸತ್ತಾಗ ಅಳೋಕೆ ಒಂದು ನಾಯೀನೂ ಉಳಿದಿರ್ಲಿಲ್ವಂತೆ."

ಯುವಕನ ಕಣ್ಣಲ್ಲಿ ನೀರು ಬಂತು. ಹೆಸರು ಕೇಳಿ ಬರೆದುಕೊಂಡು ಹೋದ. ಸರ್ಕಾರದ ಹೆಂಗಸು ಆ ಸಲ ಬರಿಗೈಯಲ್ಲಿ ವಾಪಸಾದಳು. ನೋಲಾ ಉಳಿದಳು.

ಉಳಿದ ನೋಲಾ ಬೆಳೆದಳು, ಓದಿದಳು, ಟಾಸ್ಮೇನಿಯಾದ ಲಾನ್ಸೆಸ್ಟನ್ ಊರಿನ ಶಾಲೆಯೊಂದರಲ್ಲಿ ಟೀಚರಾದಳು. ಕಾಲ ಬದಲಾಗಿ ನಮ್ಮವರು ನಾವು ಇದ್ದೇವೆ ಎಂದು ಬಾಯಿಬಿಟ್ಟು ಹೇಳುವಂತಾದಾಗ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳೂ ಅವಳೇ. ಸಭೆ, ಮೆರವಣಿಗೆ, ಪತ್ರಿಕೆ, ಎಲ್ಲಿ ಹೋದರೂ ಅದೊಂದೇ ಮಾತು. ಮಗಳ ಫೋಟೋ ಪೇಪರಿನಲ್ಲಿ ಬಂದಾಗಲೆಲ್ಲ ಎಲ್ವಿ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದಳು. ಬಾಗಿಲಲ್ಲಿ ತಾನು ಹೇಳಿದ್ದನ್ನು ಮಗಳಿಗೆ ಹೇಳಲಿಲ್ಲ. ಹೇಳುವಂಥದ್ದೇನೂ ಅದರಲ್ಲಿ ಅವಳಿಗೆ ಕಾಣಲಿಲ್ಲ. ಗಾಳಿಗೆ ಹೋದ ಮಾತು ಎಂದುಕೊಂಡಿದ್ದಳು.

ನೋಲಾ ನಿವೃತ್ತಳಾದ ದಿನ ಜೊತೆಗಿದ್ದ ಟೀಚರುಗಳೆಲ್ಲ ಸೇರಿ ಅವಳಿಗೆ ಒಂದು ಪುಸ್ತಕ ಉಡುಗೊರೆ ಕೊಟ್ಟರು. ಆಗ ಊರೆಲ್ಲ ಓದುತ್ತಿದ್ದ ಪುಸ್ತಕ, ಇಡೀ ಮನುಕುಲದ ಚರಿತ್ರೆ. ಮೊದಲ ಪುಟದಲ್ಲಿ ಎಲ್ಲರೂ ಪ್ರೀತಿಯಿಂದ ಸಹಿ ಹಾಕಿದ್ದರು. ಒಳಗೆ ಏನಿದೆ ಎಂದು ಒಬ್ಬರೂ ಓದಿರಲಿಲ್ಲವೋ, ಅಥವಾ ಓದಿಯೂ ಪಕ್ಕದ ಕುರ್ಚಿಯ ನೋಲಾ ನೆನಪಾಗಲಿಲ್ಲವೋ, ಎರಡರಲ್ಲಿ ಯಾವುದು ಒಳ್ಳೆಯದೆಂದು ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ.

ಆ ವರ್ಷದ ಹಕ್ಕಿ ಕಾಲಕ್ಕೆ ನೋಲಾ ಪುಸ್ತಕವನ್ನು ಶೆಡ್ಡಿಗೆ ತಂದಳು. ಎಲ್ಲರೂ ಸುತ್ತ ಕೂತು ಗರಿ ಕೀಳುವಾಗ ಅವಳು ಗಟ್ಟಿಯಾಗಿ ಓದುವುದು. ಎಲ್ವಿಯ ದೊಡ್ಡಪ್ಪನ ಮಗ ಕ್ಲೈಡ್ ನಡುನಡುವೆ ಬಾಯಿ ಹಾಕುವುದು. ಗೋಧಿ ಬೆಳೆಯಲು ಹೋಗಿ ಮನುಷ್ಯ ಗೋಧಿಯ ಜೀತಕ್ಕೆ ಬಿದ್ದ ಎಂಬ ಮಾತು ಬಂದಾಗ ಕ್ಲೈಡ್ ತಲೆಯಾಡಿಸಿದ.

"ನಿಜ ಬರ್ದಿದಾನೆ ಕಣೇ. ನಾವು ಹಕ್ಕಿಗೆ ಬಿದ್ದಿದೀವಿ ನೋಡು."

"ನೀನು ಹಕ್ಕಿಗೆ ಬಿದ್ದಿಲ್ಲ, ಬಿಯರಿಗೆ ಬಿದ್ದಿದೀಯ," ಎಂದಳು ಎಲ್ವಿ. ಶೆಡ್ಡೆಲ್ಲ ನಕ್ಕಿತು.

ಹಾಗೆ ನಗುತ್ತಲೇ ಕಲ್ಲಿನ ಯುಗ ಕಳೆಯಿತು, ರಾಜರು ಬಂದು ಹೋದರು, ಹಡಗುಗಳು ಹೊರಟವು. ನಮ್ಮ ಸರದಿ ಬಂತೆಂದು ಎಲ್ಲರೂ ಕೈ ನಿಲ್ಲಿಸಿ ಕೇಳಿದರು. ನೋಲಾ ಓದುತ್ತಾ ಓದುತ್ತಾ ದನಿ ತಗ್ಗಿಸಿದಳು. ಟಾಸ್ಮೇನಿಯಾದ ಜನ ಒಬ್ಬರೂ ಉಳಿಯದಂತೆ ಅಳಿದರು. ಆ ದ್ವೀಪಗಳ ವೃದ್ಧೆಯೊಬ್ಬಳು ಹೇಳಿದಂತೆ, ಅವರಲ್ಲಿ ಕಡೆಯ ಹೆಂಗಸು ಸತ್ತಾಗ ಅಳಲು ಒಂದು ನಾಯಿಯೂ ಉಳಿದಿರಲಿಲ್ಲ.

ಎಲ್ವಿಯ ಕೈಯಲ್ಲಿದ್ದ ಹಕ್ಕಿ ಕೈಯಲ್ಲೇ ಉಳಿಯಿತು.

"ಯಾವಳಪ್ಪಾ ಆ ಮುದುಕಿ?" ಎಂದ ಕ್ಲೈಡ್.

"ಯಾವಳಾದ್ರೇನು ಮಾಮ," ಎಂದಳು ನೋಲಾ. ಅವಳ ಕತ್ತಿನ ನರ ಉಬ್ಬಿತ್ತು. "ನಮ್ಮೋಳೇ ಆಗಿದ್ರೆ, ಸತ್ತು ಬೂದಿಯಾಗಿದ್ರೂ ಅವಳಿಗೆ ಧಿಕ್ಕಾರ. ನಲವತ್ತು ವರ್ಷ ನಾವು ಬದುಕಿದೀವಿ ಬದುಕಿದೀವಿ ಅಂತ ಬಡ್ಕೊಂಡಿದ್ದು ನಾನು. ಇವಳು ಒಂದೇ ಮಾತಲ್ಲಿ ನಮ್ಮನ್ನೆಲ್ಲ ಮಣ್ಣು ಮಾಡಿದ್ಲು. ಇದನ್ನ ಲೋಕವೆಲ್ಲ ಓದ್ತಿದೆ."

ಮಾತಿನಲ್ಲಿ ಯಾರಿಗೂ ಸೋಲದ ಎಲ್ವಿ ತಲೆ ತಗ್ಗಿಸಿ ಮತ್ತೆ ಗರಿ ಕೀಳತೊಡಗಿದಳು. ಆ ಮಾತು ಹೇಳಿದಾಗ ತಾನು ಮುದುಕಿಯೂ ಆಗಿರಲಿಲ್ಲವಲ್ಲ ಎಂಬುದು ಮೊದಲು ಹೊಳೆಯಿತು. ಪುಸ್ತಕ ವೃದ್ಧೆ ಎಂದ ಆ ತಪ್ಪಿನಿಂದಲೇ ಮಗಳಿಗೆ ತನ್ನ ಮೇಲೆ ಅನುಮಾನ ಬಂದಿಲ್ಲ ಎಂಬುದು ಆಮೇಲೆ ಹೊಳೆದು, ನಾಚಿಕೆಯಾಗುವಷ್ಟು ಸಮಾಧಾನವಾಯಿತು. ಆ ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. ತಾನು ಸಾಯುವುದರೊಳಗೆ ಆ ಮಾತು ಪುಸ್ತಕದಿಂದ ಹೋಗಬೇಕು, ಆದರೆ ಅದು ಯಾರ ಮಾತೆಂದು ನೋಲಾಳಿಗೆ ಗೊತ್ತಾಗಬಾರದು. ಎರಡೂ ಒಟ್ಟಿಗೆ ಆಗುವುದಲ್ಲ ಎಂದು ತಿಳಿದೂ ಅವಳು ಎರಡನ್ನೂ ಬಯಸಿದಳು.

ಪುಸ್ತಕ ಬರೆದವನೇ ಲಾನ್ಸೆಸ್ಟನ್ನಿಗೆ ಭಾಷಣಕ್ಕೆ ಬರುತ್ತಾನೆಂದು ಸುದ್ದಿ ಬಂತು. ಡಾಕ್ಟರ್ ಹಾರ್ಟ್‌ವಿಕ್ ಎಂದು ಹೆಸರು. ನೋಲಾ ಹೋಗಿ ನಾಲ್ಕು ಜನರ ಎದುರು ಕೇಳಿಯೇ ತೀರುವುದೆಂದು ನಿಂತಳು.

"ನಾನೂ ಬರ್ತೀನಿ," ಎಂದಳು ಎಲ್ವಿ.

"ನಿನಗ್ಯಾಕಮ್ಮಾ ಈ ಮಂಡಿನೋವು ಇಟ್ಕೊಂಡು?"

"ಸುಮ್ನೆ ಕೂತಿರ್ತೀನಿ. ಮನುಕುಲದ ಕಥೆ ಬರೆದೋನು ಹೆಂಗಿದಾನೆ ನೋಡ್ಬೇಕು."

ಹಾರ್ಟ್‌ವಿಕ್ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಮೆತ್ತನೆಯ ದನಿ, ಎದುರಿನವರ ಮಾತನ್ನು ತಲೆ ಓರೆ ಮಾಡಿ ಕೇಳುವ ಅಭ್ಯಾಸ. ಲಕ್ಷ ವರ್ಷಗಳನ್ನು ಒಂದು ಗಂಟೆಯಲ್ಲಿ ದಾಟಿಸಿ ನೀರು ಕುಡಿದ. ಪ್ರಶ್ನೆಗಳ ಹೊತ್ತು ಬಂದಾಗ ನೋಲಾ ಎದ್ದಳು.

"ನಿಮ್ಮ ಪುಸ್ತಕದ ಪ್ರಕಾರ ನಾನಿಲ್ಲ," ಎಂದಳು. ಸಭೆ ನಕ್ಕಿತು, ಅವಳು ನಗಲಿಲ್ಲ. "ನಾನು ಆ ಜನರ ಪೈಕಿ. ನನ್ನ ಪಕ್ಕ ಕೂತಿರೋದು ನನ್ನ ತಾಯಿ. ನಾವೆಲ್ಲ ಸತ್ತಿದೀವಿ ಅಂತ ನಿಮಗೆ ಹೇಳಿದ್ದು ಯಾರು ಸಾರ್? ಆ ಮುದುಕಿ ಯಾರು?"

ಹಾರ್ಟ್‌ವಿಕ್ ಬೇಸರಪಟ್ಟುಕೊಳ್ಳಲಿಲ್ಲ. "ಅದು ನನ್ನ ಮಾತಲ್ಲ ಮೇಡಂ. ನಿಮ್ಮ ದ್ವೀಪದವರದ್ದೇ. ವಿಶ್ವವಿದ್ಯಾಲಯದಲ್ಲಿ ಹಳೇ ಟೇಪ್ ಇದೆ. ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಹೆಸರೂ ಕೊಟ್ಟಿದೀನಿ," ಎಂದು ಪುಸ್ತಕದ ಬೆನ್ನ ಕಡೆಯ ಪುಟಗಳನ್ನು ಮಗುಚಿದ. ಚಿಕ್ಕ ಅಕ್ಷರ, ಕನ್ನಡಕ ಏರಿಸಿದ. "ಇಲ್ಲಿದೆ. ಶ್ರೀಮತಿ ಎಲ್ವಿ ಕಾರ್ಡೆಲ್."

ಸಿಟ್ಟಿನಲ್ಲಿ ನೋಲಾ ಆ ಅರ್ಧ ಪುಟ ದಾಟಿ ಮುಂದೆ ಓದಿರಲಿಲ್ಲ. ಈಗ ಅವಳು ತಾಯಿಯ ಕಡೆ ತಿರುಗಲೂ ಇಲ್ಲ, ಕೂರಲೂ ಇಲ್ಲ. ಎಲ್ವಿಯೇ ಮುಂದಿನ ಕುರ್ಚಿ ಹಿಡಿದು ಎದ್ದಳು.

"ಅದು ನಾನೇ. ನಾನು ಹೇಳಿದ್ದು ಸುಳ್ಳು ಸ್ವಾಮಿ. ಈ ಮಗೂನ ಕಿತ್ಕೊಂಡು ಹೋಗೋಕೆ ಬಂದಿದ್ರು. ಆ ಟೇಪಿನ ಹುಡುಗ ಅವರ ಕಡೆಯೋನು ಅಂದ್ಕೊಂಡೆ. ನಾವು ಅವರಲ್ಲ, ಅವರೆಲ್ಲ ಸತ್ತೋದ್ರು ಅಂದೆ. ನಮ್ಮಜ್ಜಿ ಹಂಗೆ ಹೇಳೇ ಇರ್ಲಿಲ್ಲ. ನಮ್ಮಜ್ಜಿ ಅವರೇ. ನಾನೂ ಅವರೇ. ಆ ಮಾತು ತೆಗೀರಿ. ನಾನಿನ್ನು ಬಹಳ ದಿನ ಇರಲ್ಲ, ಇರೋವಾಗ್ಲೇ ತೆಗೀರಿ."

ಸಭೆ ಚಪ್ಪಾಳೆ ತಟ್ಟಿತು. ಮಕ್ಕಳನ್ನು ಕಳೆದುಕೊಳ್ಳುವ ಭಯದಲ್ಲಿ ಬದುಕಿದವರ ಮಾತಿಗೆ ಚಪ್ಪಾಳೆ ತಟ್ಟುವ ಜನರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹಾರ್ಟ್‌ವಿಕ್ ವೇದಿಕೆಯಿಂದ ಇಳಿದು ಬಂದು ಎಲ್ವಿಯ ಕೈ ಹಿಡಿದುಕೊಂಡ. ಮನಸ್ಸು ಕಲಕಿತು ಎಂದ. ಮುಂದಿನ ಮುದ್ರಣದಲ್ಲಿ ಖಂಡಿತ ಸರಿಪಡಿಸುತ್ತೇನೆ ಎಂದ. ಒಂದು ಫೋಟೋ ತೆಗೆದುಕೊಳ್ಳಬಹುದೇ ಎಂದೂ ಕೇಳಿದ.

ನೋಲಾ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ದಾಟಿದಳು. ಆಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು: "ಅಷ್ಟು ಚೆನ್ನಾಗಿ ಯಾಕಮ್ಮಾ ಹೇಳ್ದೆ? ಗೊತ್ತಿಲ್ಲ ಅಂದಿದ್ರೆ ಸಾಕಿತ್ತಲ್ಲ."

"ನಿನ್ನ ಡಲ್ಸಿ ಚಿಕ್ಕಮ್ಮ ಗೊತ್ತಿಲ್ಲ ಅಂದಿದ್ಲು," ಎಂದಳು ಎಲ್ವಿ.

ನೋಲಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿದಳು. ತಾಯಿ ಬೆನ್ನ ಮೇಲೆ ಕೈ ಇಟ್ಟರೆ ತಳ್ಳಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಕ್ಷಮಿಸುವುದಕ್ಕೆ ಅಲ್ಲಿ ತಪ್ಪೇ ಇರಲಿಲ್ಲ. ತಪ್ಪಿಲ್ಲದ ಕಡೆ ಸಿಟ್ಟು ಇಳಿಯುವುದು ಇನ್ನೂ ನಿಧಾನ. ಆ ಚಳಿಗಾಲವೆಲ್ಲ ಅವಳು ದ್ವೀಪಕ್ಕೆ ಫೋನು ಮಾಡಿದಳು, ಹವಾಮಾನ ಕೇಳಿದಳು, ಮಾತ್ರೆ ತೆಗೆದುಕೊಂಡೆಯಾ ಎಂದಳು, ಅಷ್ಟೇ.

ಹೊಸ ಮುದ್ರಣ ಬಂದಾಗ ಮತ್ತೆ ಹಕ್ಕಿ ಕಾಲ. ಪುಸ್ತಕ ಬರೆದವನು ಮರೆಯದೆ ಒಂದು ಪ್ರತಿಯನ್ನು ಕೈಬರಹದ ಶುಭಾಶಯದೊಂದಿಗೆ ಕಳಿಸಿದ್ದ. ನೋಲಾ ಅದನ್ನು ತೆಗೆದುಕೊಂಡು ಶೆಡ್ಡಿಗೆ ಬಂದಳು. ಎಷ್ಟೋ ತಿಂಗಳ ಮೇಲೆ ತಾಯಿಯ ಪಕ್ಕದಲ್ಲೇ ಕೂತಳು. ಎಲ್ವಿ ಕೈ ಒರೆಸಿಕೊಂಡು ಕಿವಿಯ ಯಂತ್ರ ಸರಿಮಾಡಿಕೊಂಡಳು.

"ತೆಗ್ದಿದಾನಾ?"

"ತೆಗ್ದಿದಾನೆ."

"ಅದರ ಬದ್ಲು ಏನಿದೆ ಓದು."

ನೋಲಾ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಓದಿದಳು: "ಟಾಸ್ಮೇನಿಯಾದ ಮೂಲನಿವಾಸಿಗಳು ಅಳಿದುಹೋದರು. ತಾವು ಅವರ ವಂಶದವರೆಂದು ಹೇಳಿಕೊಳ್ಳುವ ಕೆಲವರು ಇಂದಿಗೂ ಆ ದ್ವೀಪಗಳಲ್ಲಿದ್ದಾರೆ."

ಕ್ಲೈಡ್ ತನ್ನ ಕೈಯಲ್ಲಿದ್ದ ಹಕ್ಕಿಯನ್ನು ಪಕ್ಕಕ್ಕಿಟ್ಟ.

"ಹೇಳಿಕೊಳ್ಳುವವರು," ಎಂದಳು ಎಲ್ವಿ.

"ಹೂಂ ಅಮ್ಮಾ."

"ಅವತ್ತು ಬಾಗಿಲಲ್ಲಿ ನಿಂತು ಸುಳ್ಳು ಹೇಳ್ದೆ. ಯಾರೂ ಸಾಕ್ಷಿ ಕೇಳ್ಲಿಲ್ಲ. ಹಂಗೇ ಅಚ್ಚು ಹಾಕಿದ್ರು, ಲೋಕವೆಲ್ಲ ನಂಬ್ತು." ಎಲ್ವಿ ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದಳು. "ಊರ ಮುಂದೆ ಎದ್ದು ನಿಂತು ನಿಜ ಹೇಳಿದ್ದಕ್ಕೆ ಹೇಳಿಕೊಳ್ಳೋಳಾದೆ. ನಿನ್ನ ಉಳಿಸ್ಕೊಂಡಿದ್ದು ಸುಳ್ಳಿಂದಾನೇ ಕಣೇ. ನಿಜದಿಂದ ಆಗ್ತಿರ್ಲಿಲ್ಲ."